ಖರ್ಚಾಗಿ ಹೋದ ಹುಡುಗ

ಮಡಕಶಿರ ಬಸ್ ಸ್ಟ್ಯಾಂಡ್ ಪಕ್ಕದ ಟೀ ಅಂಗಡಿ. ತಾರೀಕು 19, ನಾಳೆ ಜಿಎಸ್‌ಟಿ 3ಬಿ ರಿಟರ್ನಿಗೆ ಕಡೇ ದಿನ. ಆಡಿಟ್ ಆಫೀಸಿನ ಮ್ಯಾನೇಜರು, ಕಂಕುಳಲ್ಲಿ ಬಿಲ್ಲಿನ ಕಟ್ಟು.

"ಏನ್ ಸಾರ್, ಟೀಗೆ ತಾವೇ ಬಂದ್ರಿ? ಹುಡುಗ ಎಲ್ಲಿ?"

"ಬಿಟ್ಟೋದ ಕಣಯ್ಯ. ಈಗಿನೋರಿಗೆ ನಿಯತ್ತಿಲ್ಲ."

"ಊರೇ 2022ರಲ್ಲಿ ಅನಂತಪುರ ಬಿಟ್ಟು ಸತ್ಯಸಾಯಿ ಜಿಲ್ಲೆ ಸೇರ್ತು ಸಾರ್, ಹುಡುಗ ಯಾವ ಲೆಕ್ಕ!"

"ಮನೆಯವನ ಥರ ನೋಡ್ಕೊಂಡಿದ್ದೆ."

"ಅಲ್ವಾ ಮತ್ತೆ, ಮನೆಯೋರಿಗೆ ಯಾರು ಸಂಬಳ ಕೊಡ್ತಾರೆ?"

"ಕೊಡ್ತಿದ್ದೆ ಮಾರಾಯ! ಸ್ವಲ್ಪ ತಡ ಆಗ್ತಿತ್ತು, ಅಷ್ಟೆ."

"ರಿಟರ್ನ್ ತಡ ಆದ್ರೆ ದಿನಕ್ಕೆ 50 ರೂಪಾಯಿ ದಂಡ ಅಂತ ಅವನೇ ಹೇಳ್ತಿದ್ದ. ಸಂಬಳಕ್ಕೂ ಉಂಟಾ ಸಾರ್?"

"ನೀನು ಟೀ ಹಾಕು. ಒಂದು ಪೈಸೆ ತಪ್ಪಿದ್ರೂ ಎಲ್ಲರ ಮುಂದೆ ಬೈದು ಕಲಿಸಿದೀನಿ."

"ಗೊತ್ತು ಸಾರ್, ಇಲ್ಲೀವರೆಗೂ ಕೇಳ್ತಿತ್ತು. ಬೈಗುಳ ಪುಸ್ತಕದಲ್ಲಿ ಜಮಾನೋ, ಖರ್ಚೋ?"

"ತಲೆಹರಟೆ!"

"ತಮ್ಮ ಕಾರಿಗೆ ವರ್ಷಕ್ಕೆ 15 ಪರ್ಸೆಂಟ್ ಸವಕಳಿ ಬರೀತೀರಂತೆ. ಹುಡುಗರಿಗೆ?"

"ಕಾರು ಆಸ್ತಿ ಕಣಯ್ಯ. ಹುಡುಗರು ಖರ್ಚು."

"ಅದಕ್ಕೇ ಸಾರ್, ಖರ್ಚಾಗಿ ಹೋದ್ರು."

"ಎಲ್ಲಿದಾನಂತೆ ಈಗ?"

"ಬೆಂಗಳೂರಲ್ಲಿ. ಅಲ್ಲಿ ಮ್ಯಾನೇಜರು ಹೆಸರು ಹಿಡಿದು ಕರೀತಾರಂತೆ, ಅದೇ ಒಂದು ಬಡ್ತಿ ಅಂತಿದ್ದ."

"ಹಾಳಾಗ್ಲಿ. ಟ್ಯಾಲಿ ಪಾಸ್‌ವರ್ಡ್ ಅವನ ಹತ್ರಾನೇ ಐತೆ. ಒಂದು ಫೋನ್ ಹಾಕು."

"ತಾವೇ ಮಾಡಿ ಸಾರ್, ನಂಬರ್ ಇದ್ದೇ ಇರ್ತದಲ್ಲ."

ಮ್ಯಾನೇಜರು ಫೋನ್ ತೆಗೆದು ಬಹಳ ಹೊತ್ತು ಹುಡುಕಿದರು.

"ಅಲ್ಲಯ್ಯಾ... ಅವನ ಹೆಸರೇನು?"