ಕೆಂಪು ಚುಕ್ಕೆ: ಜಾರ್ಜ್‌ಟೌನ್ ಪ್ರಾಂತ್ಯದ ಪ್ರಾಥಮಿಕ ವರದಿ

ಆಸ್ಟಿನ್‌ನ ಉತ್ತರಕ್ಕಿರುವ ಜಾರ್ಜ್‌ಟೌನ್ ಊರನ್ನು ಟೆಕ್ಸಸ್ ಶಾಸನಸಭೆ 1990ರಲ್ಲಿ ಕೆಂಪು ಪಾಪಿ ಹೂವಿನ ರಾಜಧಾನಿ ಎಂದು ಘೋಷಿಸಿತು. ಮೊದಲ ಮಹಾಯುದ್ಧಕ್ಕೆ ಹೋದ ಹೆನ್ರಿ ಕಾಂಪ್ಟನ್ ಎಂಬ ಊರ ಹುಡುಗ ಯುರೋಪಿನಿಂದ ತಾಯಿಗೆ ಬೀಜ ಕಳಿಸಿದನಂತೆ, ಹೂವು ಊರೆಲ್ಲ ಹಬ್ಬಿತಂತೆ. ಅದಕ್ಕೆ ವರ್ಷಾವರ್ಷ ಏಪ್ರಿಲ್‌ನಲ್ಲಿ ಜಾತ್ರೆಯೂ ಉಂಟು. ಆದರೆ ಮಕ್ಕಳ ಮನೆಗೆ ಆರು ತಿಂಗಳಿಗೆಂದು ಬಂದ ಕನ್ನಡದ ಅಪ್ಪಂದಿರ ಹೊಟ್ಟೆಯ ಮೇಲೆ ಅರಳುವ ಕೆಂಪು ಚುಕ್ಕೆಗಳ ವಿಷಯದಲ್ಲಿ ಶಾಸನಸಭೆ ತುಟಿ ಬಿಚ್ಚಿಲ್ಲ. ಈ ಕೊರತೆ ನೀಗಿಸುವುದೇ ಪ್ರಸ್ತುತ ವರದಿಯ ಉದ್ದೇಶ. ಅಧ್ಯಯನಕ್ಕೆ ಒಳಪಟ್ಟ ಹೊಟ್ಟೆ ಒಂದೇ. ವಿಸ್ತೀರ್ಣ ಸಾಕಷ್ಟಿದ್ದುದರಿಂದ ತೊಂದರೆಯಾಗಲಿಲ್ಲ.

ಚುಕ್ಕೆಗೆ ನೋವಿಲ್ಲ, ನವೆಯಿಲ್ಲ. ಕಂಡುಹಿಡಿದವರು ಧರ್ಮಪತ್ನಿ, ಯಜಮಾನರು ಸ್ನಾನ ಮುಗಿಸಿ ಟವೆಲ್ ಸುತ್ತಿಕೊಂಡು ಬಂದಾಗ. "ಅದೇನ್ರೀ ಅದು, ಕುಂಕುಮ ಬಿದ್ದಂಗಿದೆ?" ಬೆರಳಲ್ಲಿ ಉಜ್ಜಿದರು, ಹೋಗಲಿಲ್ಲ. ಎಂಜಲು ಹಚ್ಚಿ ಉಜ್ಜಿದರು, ಆಗಲೂ ಹೋಗಲಿಲ್ಲ. ಪ್ರಯೋಗಾಲಯದ ಹಂತ ಇಲ್ಲಿಗೆ ಮುಗಿಯಿತು.

ಕಾರಣದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಪತ್ನಿಯವರ ಪ್ರಕಾರ ಉಷ್ಣ. ಅಳಿಯನ ಪ್ರಕಾರ ಸೀಡರ್ ಮರದ ಪರಾಗ. ಇಲ್ಲಿ ಸೀಡರ್ ಪರಾಗ ಹಾರುವುದು ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ, ಮಾವ ಬಂದದ್ದು ಮೇ ತಿಂಗಳಲ್ಲಿ. ಆದರೂ ಸಿದ್ಧಾಂತ ಅಲುಗಾಡಿಲ್ಲ. ಬೆಂಗಳೂರಿನಿಂದ ವಿಡಿಯೋ ಕಾಲ್‌ನಲ್ಲಿ ಸೇರಿಕೊಂಡ ಅತ್ತಿಗೆಯವರು, ಗಂಡಸರಿಗೆ ಬಲಗಡೆ ಕೆಂಪು ಮಚ್ಚೆ ಎದ್ದರೆ ಭೂಲಾಭ ಎಂದು ತೀರ್ಪಿತ್ತರು. ಚುಕ್ಕೆ ಇದ್ದದ್ದು ಎಡಗಡೆ. ಫೋನಿನ ಪರದೆಯಲ್ಲಿ ಬಲಕ್ಕೆ ಕಂಡಿತಾಗಿ ಅದನ್ನೇ ಅಂಗೀಕರಿಸಲಾಯಿತು. ಭೂಲಾಭಕ್ಕೆ ಊರೇನೋ ಪ್ರಶಸ್ತ: 2021ರ ಜುಲೈನಿಂದ ಒಂದು ವರ್ಷದಲ್ಲಿ ಜನಸಂಖ್ಯೆಯಲ್ಲಿ ಶೇ. 14.4 ಬೆಳೆದು, 50,000 ಜನ ಮೀರಿದ ಅಮೆರಿಕದ ಊರುಗಳಲ್ಲೇ ವೇಗದಲ್ಲಿ ಮೊದಲೆನಿಸಿತ್ತು. ಲಾಭ ಮಾತ್ರ ಬಿಲ್ಡರ್‌ಗಳಿಗಾಯಿತು. ಅವರ ಹೊಟ್ಟೆ ಪರೀಕ್ಷಿಸಲು ನಮಗೆ ಅನುಮತಿ ದೊರೆತಿಲ್ಲ.

ವೈದ್ಯರು ಇದನ್ನು ಚೆರಿ ಆಂಜಿಯೋಮಾ ಎನ್ನುತ್ತಾರೆ. ಚರ್ಮದೊಳಗಿನ ಕಿರು ರಕ್ತನಾಳಗಳು ಹಿಗ್ಗಿ ಗುಂಪುಗೂಡಿದ್ದು. ಮೂವತ್ತು ದಾಟಿದ ಮೇಲೆ ಶುರುವಾಗಿ ವಯಸ್ಸಾದಂತೆ ಹೆಚ್ಚುತ್ತದೆ. 19ನೇ ಶತಮಾನದ ಲಂಡನ್ ಸರ್ಜನ್ ಕ್ಯಾಂಪ್‌ಬೆಲ್ ಡಿ ಮಾರ್ಗನ್ ಇದಕ್ಕೂ ಕ್ಯಾನ್ಸರ್‌ಗೂ ನಂಟು ಕಟ್ಟಿದ. ನಂಟು ನಿಲ್ಲಲಿಲ್ಲ, ಚುಕ್ಕೆಗೆ ಅವನ ಹೆಸರು ನಿಂತಿತು. ನಮ್ಮಂಥ ಸಂಶೋಧಕರಿಗೆ ಇದಕ್ಕಿಂತ ಧೈರ್ಯ ಬೇಕೆ? (ಜ್ವರದ ಜೊತೆ ದಿಢೀರನೆ ಎದ್ದ, ಒತ್ತಿದರೂ ಮಾಸದ ಚುಕ್ಕೆಗಳು ನಮ್ಮ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ, ಅವಕ್ಕೆ ಕೂಡಲೇ ಡಾಕ್ಟರ ಹತ್ತಿರ ಓಡಬೇಕು.)

ಚರ್ಮದ ಡಾಕ್ಟರು ಚುಕ್ಕೆ ನೋಡಿ, ಏನೂ ಮಾಡಬೇಕಾಗಿಲ್ಲ ಎಂದರು. "ಒಂದು ಆಯಿಂಟ್‌ಮೆಂಟ್ ಆದ್ರೂ ಬರೀಬಾರ್ದಾ?" ಎಂದು ಯಜಮಾನರು ಕಾರಿನಲ್ಲಿ ಗೊಣಗಿದರು. ಲೇಸರ್‌ನಿಂದ ತೆಗೆಸಬಹುದು, ಆದರೆ ಅಂದಕ್ಕೆ ಮಾಡಿಸುವುದಕ್ಕೆ ವಿಮೆಯವರು ಸಾಮಾನ್ಯವಾಗಿ ಕಾಸು ಬಿಚ್ಚುವುದಿಲ್ಲ. ಡಾಲರನ್ನು ರೂಪಾಯಿಗೆ ಗುಣಿಸುತ್ತಿದ್ದಂತೆ ಚುಕ್ಕೆ ಲಕ್ಷಣವಾಗಿಯೇ ಕಾಣತೊಡಗಿತು.

ಸಂಜೆ ಸ್ಯಾನ್ ಗೇಬ್ರಿಯಲ್ ಪಾರ್ಕಿನಲ್ಲಿ ವಾಕಿಂಗ್ ಹೊರಟಾಗ ಭೂಲಾಭದ ಸುದ್ದಿಯನ್ನು ಹೈದರಾಬಾದಿನಿಂದ ಬಂದಿದ್ದ ಇನ್ನೊಬ್ಬ ಅಪ್ಪನಿಗೆ ಮುಟ್ಟಿಸಲಾಯಿತು. ಆತ ಮಾತಾಡದೆ ಟೀ ಶರ್ಟ್ ಎತ್ತಿ ತೋರಿಸಿದರು. ಎಣಿಸಲಾರದಷ್ಟಿದ್ದವು. ಯಜಮಾನರು ಆ ರಾತ್ರಿ ಬರೀ ಮಜ್ಜಿಗೆ ಅನ್ನ ಉಂಡು ಮಲಗಿದರು.