ಕ್ಲಸ್ಟರಿನ ಮುನಿಸು

ಮಹಾರಾಷ್ಟ್ರದ ಗಡಿಯ ಉಮರ್ಗಾ, ನಿಲಂಗಾ ಕಡೆಯ ಐಟಿ ಹುಡುಗರು ಹಬ್ಬಕ್ಕೆ ಊರಿಗೆ ಬಂದರೂ ಲ್ಯಾಪ್‌ಟಾಪ್ ಬಿಡುವುದಿಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಸರ್ವರುಗಳ ಗುಂಪಾದ ಕ್ಲಸ್ಟರನ್ನು ನಡೆಸುವ ಕುಬರ್ನೆಟೀಸ್ ಜೊತೆ ಬರೀ ಬೈಗುಳ.

“ಆಯಿ, ಕ್ಲಸ್ಟರ್ ಕ್ಲೌಡಿನ ಸಂಪರ್ಕ ಬಿಟ್ಟದ.”

“ಯಾರ ಜೋಡಿ ಜಗಳಾ ಆಗ್ಯಾದೋ?”

ಆಯಿಯ ಪ್ರಶ್ನೆಯೇ ಸರಿ. ಸಾಮಾನ್ಯವಾಗಿ ಕ್ಲೌಡ್ ತಾನಾಗಿ ಬಾಗಿಲು ಬಡಿಯುವವರ ಪೈಕಿಯಲ್ಲ. ಕ್ಲಸ್ಟರಿನೊಳಗಿನ ಏಜೆಂಟನೇ ಅದರ 443ನೇ ಪೋರ್ಟಿಗೆ ಹೋಗಿ ವರದಿ ಒಪ್ಪಿಸಬೇಕು. ಫೈರ್‌ವಾಲೋ ಆಫೀಸಿನ ಪ್ರಾಕ್ಸಿಯೋ ತಡೆದರೆ, ಡಿಎನ್‌ಎಸ್ ವಿಳಾಸ ಹೇಳದಿದ್ದರೆ, ಮುಗೀತು. ಸರ್ವರಿನ ಗಡಿಯಾರ ತಪ್ಪಿದರೆ ಸರ್ಟಿಫಿಕೇಟೂ ನಡೆಯದು. ಕಾಗದಪತ್ರದ ಈ ಕಿರಿಕಿರಿ ಗಡಿನಾಡಿನವರಿಗೆ ಹೊಸದಲ್ಲ ಬಿಡಿ. ಯುದ್ಧ ಗೆಲ್ಲುವುದೇ ಸುಲಭ: 1760ರಲ್ಲಿ ಇಲ್ಲೇ ಪಕ್ಕದ ಉದಗೀರದ ಕದನದಲ್ಲಿ ಮರಾಠರು ನಿಜಾಮನನ್ನು ಸೋಲಿಸಿದರು. ಆದರೆ ಆಫೀಸಿನ ಪ್ರಾಕ್ಸಿಯನ್ನು ಸೋಲಿಸಿದವರು ಇನ್ನೂ ಹುಟ್ಟಿಲ್ಲ.

ತಮ್ಮಂದಿರಾ, ಏಜೆಂಟನ ಪಾಡ್ ಅಳಿಸೋ ಮುಂಚೆ ಒಮ್ಮೆ ಲಾಗ್ ಓದ್ರಪ್ಪಾ!