ಶಾಕಪ್ ಹೋಗ್ಯಾವ್ರಿ!

ಇಂಡಿ ಪಟ್ಟಣದ ಗ್ಯಾರೇಜಿಗೆ ಹೋಗಿ, ಸಿಂದಗಿಯ ಗ್ಯಾರೇಜಿಗೆ ಹೋಗಿ. ಮುಂದಿನ ಗಾಲಿಯಲ್ಲಿ ಖಟಕ್ ಖಟಕ್ ಸಪ್ಪಳ ಬರುತ್ತಿದೆ ಎನ್ನಿ. ತೀರ್ಪು ಒಂದೇ: “ಶಾಕಪ್ ಹೋಗ್ಯಾವ್ರಿ ಸಾಹೇಬ್ರ.” ಜಾಕ್ ಹಚ್ಚಿಲ್ಲ. ಕೆಳಗೆ ಬಗ್ಗಿ ನೋಡಿಲ್ಲ. ಗಾಡಿ ಇನ್ನೂ ಬಂದ್ ಆಗಿಲ್ಲ. ನಮ್ಮ ಕೋರ್ಟುಗಳು ಇವರಿಂದ ಕಲಿಯಬೇಕು.

ಶಾಕಪ್, ಅಂದರೆ ಶಾಕ್ ಅಬ್ಸಾರ್ಬರ್, ಬದಲಾಗುತ್ತವೆ. ಒಂದಲ್ಲ, ಜೋಡಿ. ಸಪ್ಪಳ ಹೋಗುವುದಿಲ್ಲ. ಆಗ ಲೋವರ್ ಆರ್ಮ್. ಆಮೇಲೆ ಸ್ಟೇರಿಂಗ್ ರ್‍ಯಾಕ್. ಇದನ್ನು ರಿಪೇರಿ ಅನ್ನುತ್ತಾರೆ. ನಿಜವಾಗಿ ಇದು ನಮ್ಮ ದುಡ್ಡಿನಲ್ಲಿ ನಡೆಯುವ ಊಹೆ. ಬಿಚ್ಚಿದ ಹಳೆಯ ಸಾಮಾನು ತೋರಿಸಪ್ಪ ಎಂದರೆ “ಗುಜರಿಗೆ ಹೋತ್ರಿ”. ಸಾಕ್ಷಿಯೂ ಅದರ ಜೊತೆಗೇ ಹೋಯಿತು.

ಟ್ರಯಲ್ಲಿಗೆ ಒಯ್ಯುವುದು ಎಲ್ಲಿಗೆ? ಹೆದ್ದಾರಿ 50ರ ನುಣುಪಾದ ತುಂಡಿನ ಮೇಲೆ. ಅಲ್ಲಿ ಮುರುಕು ಗಾಡಿಯೂ ಸುಮ್ಮನಿರುತ್ತದೆ. “ನೋಡ್ರಿ, ಹೋತು.” ಬಿಲ್ಲು ಕೊಟ್ಟು ಊರಿನ ದಾರಿಗೆ ತಿರುಗಿದರೆ ಖಟಕ್.

ಸಪ್ಪಳ ಹುಡುಕುವುದು ಬ್ರಹ್ಮವಿದ್ಯೆಯಲ್ಲ. ಸಣ್ಣ ತಗ್ಗುಗಳಲ್ಲಿ ನಿಧಾನ ಹೋಗುವಾಗ ಖಡಖಡ ಎಂದರೆ ಮೊದಲ ಅನುಮಾನ ಸ್ಟೆಬಿಲೈಜರಿನ ಲಿಂಕ್ ರಾಡ್ ಮೇಲೆ. ಬ್ರೇಕ್ ಹಿಡಿದಾಗ, ಬಿಟ್ಟಾಗ ಒಂದೇ ಏಟಿಗೆ ಧಡ್ ಎಂದರೆ ಲೋವರ್ ಆರ್ಮಿನ ಬುಷ್. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಟಣ್ ಎಂದರೆ ಶಾಕಪ್ಪಿನ ನೆತ್ತಿಯ ಮೌಂಟ್. ತಗ್ಗಿನ ಮೇಲೆ ಹೋಗುತ್ತಲೇ ಬ್ರೇಕ್ ಮೆಲ್ಲಗೆ ಒತ್ತಿ. ಸಪ್ಪಳ ನಿಂತಿತೋ, ಸಸ್ಪೆನ್ಷನ್ ಬಿಟ್ಟು ಕ್ಯಾಲಿಪರಿನ ಪಿನ್ ನೋಡಿ. ಲಿಂಕ್ ರಾಡಂತೂ ಗಾಲಿಗಳೆರಡೂ ನೇತಾಡುವಾಗ ಗುಟ್ಟು ಬಿಡದಿರಬಹುದು. ಗಾಡಿ ನೆಲದ ಮೇಲಿರುವಾಗ ಒಬ್ಬ ಅಲುಗಾಡಿಸಬೇಕು, ಇನ್ನೊಬ್ಬ ಲಿಂಕ್ ಮೇಲೆ ಕೈಯಿಟ್ಟಿರಬೇಕು. ಪ್ಲೇ ಇದ್ದರೆ ಕೈಗೆ ತಾಗುತ್ತದೆ. ಖರ್ಚು? ಒಂದು ಚಹಾ.

ಬುಷ್ ಹಾಕುವುದನ್ನೂ ನೋಡಿ. ಗಾಲಿ ಗಾಳಿಯಲ್ಲಿ ತೂಗುತ್ತಿರುವಾಗಲೇ ಬೋಲ್ಟ್ ಬಿಗಿದುಬಿಡುತ್ತಾರೆ. ಗಾಡಿ ಕೆಳಗಿಳಿದೊಡನೆ ರಬ್ಬರ್ ತಿರುಚಿಕೊಳ್ಳುತ್ತದೆ, ಬೇಗ ಹರಿಯುತ್ತದೆ. ಗಾಡಿಯ ಭಾರ ಗಾಲಿಯ ಮೇಲೆ ಬಿದ್ದ ಮೇಲೆ ಬಿಗಿಯಬೇಕು, ಅಷ್ಟೇ. ಕಾಯಕ ಕಲಿಸಿದ ಬಸವಣ್ಣ ಹುಟ್ಟಿದ್ದು ಇಲ್ಲೇ, ಬಾಗೇವಾಡಿಯಲ್ಲಿ. ಗ್ಯಾರೇಜಿನ ಗೋಡೆಯ ಮೇಲೆ ಅವನ ಫೋಟೊ, ದಿನಾ ಹೊಸ ಹೂ. ಬೋಲ್ಟ್ ಮಾತ್ರ ಗಾಳಿಯಲ್ಲಿ.

ಆದರೂ ಮೈಗೆ ಗ್ರೀಸ್ ಬಳಿದುಕೊಂಡವನನ್ನು ಬೈಯುವುದು ಸುಲಭ. ಇಸ್ತ್ರಿ ಅಂಗಿಯವರ ಸರದಿ ಬರಲಿ.

ನಮ್ಮದು ಎರಿ ನೆಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ರೈತನಿಗೆ ಗೊತ್ತು. ಗೌಂಡಿಗೆ ಗೊತ್ತು. ರಸ್ತೆಯ ಅಂದಾಜುಪಟ್ಟಿ ಬರೆಯುವವರಿಗೆ ಮಾತ್ರ ಪ್ರತಿ ಮಳೆಗಾಲವೂ ಇದು ಹೊಸ ಸುದ್ದಿ. ಅದರ ಮೇಲೆ ಕಬ್ಬಿನ ಹಂಗಾಮು, ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರು, ಮುಗಿಲು ಮುಟ್ಟುವ ಹೇರು. ಹೇರು ತೂಗುವ ಕಾಟಾ ಕಾರ್ಖಾನೆಯಲ್ಲಿದೆ, ರಸ್ತೆಯಲ್ಲಿಲ್ಲ. ಸಾಹೇಬರು ಬರುತ್ತಾರೆ ಎಂದರೆ ಹಿಂದಿನ ರಾತ್ರಿ ತಗ್ಗಿಗೆ ಗರಸು ಬೀಳುತ್ತದೆ. ಸಾಹೇಬರು ದಾಟುವವರೆಗೆ ನಿಂತರೆ ಸಾಕು.

ಹಂಪ್ಸ್ ಕತೆ ಬೇರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್, ಮೇಲೆ ಪಟ್ಟೆ ಬಣ್ಣ, ಮೊದಲೇ ಎಚ್ಚರಿಕೆ ಫಲಕ. ಮುದ್ದೇಬಿಹಾಳದ ಕಡೆ ರಾತ್ರಿ ಗಾಡಿ ಹೊಡೆದವರು ಈ ಸಾಲು ಓದಿ ನಗಲಿ. ಇಲ್ಲಿ ಅಪಘಾತವಾದ ಮರುದಿನ ಯಾರೋ ಬಂದು ಡಾಂಬರು ಸುರಿದರೆ ಅದೇ ಹಂಪ್. ಬಣ್ಣ ಬಳಿಯುವುದು ನಮ್ಮ ಬಂಪರು.

ಲೈಫ್ ಟ್ಯಾಕ್ಸ್ ಗಾಡಿ ತಗೊಂಡ ದಿನವೇ ಕೊಟ್ಟಾಗಿದೆ. ರಸ್ತೆ ಮುರಿದ ಲಿಂಕ್ ರಾಡಿನ ಮೇಲೆ ಮತ್ತೆ ಜಿಎಸ್‌ಟಿ. 2025ರ ಸೆಪ್ಟೆಂಬರ್‌ವರೆಗೆ 28 ಪರ್ಸೆಂಟ್ ಇತ್ತು, ಈಗ 18. ಇದನ್ನು ಉಡುಗೊರೆ ಎಂದು ಹೇಳಿದರು, ನಾವು ಚಪ್ಪಾಳೆಯನ್ನೂ ಹೊಡೆದೆವು. ತಗ್ಗು ಹೆಚ್ಚಿದಷ್ಟೂ ಬಿಡಿಭಾಗ, ಬಿಡಿಭಾಗ ಹೆಚ್ಚಿದಷ್ಟೂ ತೆರಿಗೆ. ಇಂಥ ಆದಾಯವನ್ನು ಯಾವ ಸರ್ಕಾರ ಮುಚ್ಚಿಸೀತು?

ಕಾನೂನು ಇಲ್ಲವೆಂದಲ್ಲ. ಅಪಾಯ ತರುವ ದೋಷವಿದೆ ಎಂದು ಗೊತ್ತಿದ್ದೂ ಗಾಡಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 190ನೇ ಕಲಂ, 1,500 ರೂಪಾಯಿವರೆಗೆ ದಂಡ. ಯಾರೂ ಸಾಯಬೇಕಿಲ್ಲ. ರಸ್ತೆ ಕೆಟ್ಟರೆ? ಅದಕ್ಕೂ 2019ರ ತಿದ್ದುಪಡಿಯಲ್ಲಿ 198ಎ ಎಂಬ ಕಲಂ ಬಂತು. ಗುತ್ತಿಗೆದಾರ, ಅಧಿಕಾರಿ ಎಲ್ಲರಿಗೂ ಅನ್ವಯ. ದಂಡ 1 ಲಕ್ಷದವರೆಗೆ. ಷರತ್ತು ಸಣ್ಣದು: ಯಾರಾದರೂ ಸತ್ತಿರಬೇಕು, ಇಲ್ಲವೇ ಅಂಗವಿಕಲರಾಗಿರಬೇಕು.

ಲಿಂಕ್ ರಾಡಿಗೆ ಅಂಗವೈಕಲ್ಯ ಪ್ರಮಾಣಪತ್ರ ಬರೆದುಕೊಡುವ ಡಾಕ್ಟರು ಈ ನಾಲ್ಕು ತಾಲೂಕಿನಲ್ಲಿ ಯಾರಾದರೂ ಇದ್ದರೆ ಹೇಳಿ.